ದಾರೀಲಿದ್ದೀವಿ ಭಾವ

ನಿಮ್ಮ ಅಣ್ಣ ಫೋನ್ ಮಾಡಿದ್ದರು. ಎರಡು ಸಲ ಮಾಡಿದ್ದರು. ಎರಡು ಸಲವೂ ನನ್ನ ಫೋನಿಗೇ ಬಂತು, ನಾನೇ ಮಾತಾಡಿದೆ, ಎರಡು ಸಲವೂ ನಿಮಗೆ ಹೇಳಲಿಲ್ಲ. ಏಳು ವರ್ಷದಿಂದ ನೀವು ಅವರ ಮೇಲೆ ಇಟ್ಟುಕೊಂಡಿರುವ ಸಿಟ್ಟು ನನಗೆ ಸೇರಬೇಕಾದದ್ದು.

ಬಾಯಿಬಿಟ್ಟು ಹೇಳೋಣ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ — ನೀವು ಅಂಗಡಿಯಿಂದ ಬಂದು ಕಾಲು ತೊಳೆಯುವಾಗ, ಭಾನುವಾರ ಪೇಪರ್ ಓದುತ್ತಾ ಕೂತಿರುವಾಗ. ಪಾಪ, ಈಗ ಬೇಡ, ನಾಳೆ ಹೇಳಿದರಾಯಿತು ಅಂತ ಮುಂದಕ್ಕೆ ಹಾಕಿದೆ. ಈಗ ದಂಡಿಗನಹಳ್ಳಿಯ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಕ್ಕಳು ಊಟಕ್ಕೆ ಕೂತಿದ್ದಾರೆ, ಅರ್ಧ ಗಂಟೆ ಈ ಕಡೆ ಯಾರೂ ಬರೋದಿಲ್ಲ. ನನಗೆ ಸಾಕಾಗಿದೆ ರೀ. ಸುಳ್ಳು ಹೇಳೋದು ಒಂದು ನಿಮಿಷದ ಕೆಲಸ. ಅದನ್ನು ದಿನಾ ಕಾದುಕೊಂಡು ಕೂರೋದು ಬಹಳ ಸುಸ್ತು.

ನಿಮಗೆ ಗೊತ್ತಿರುವ ಕಥೆಯನ್ನೇ ಮತ್ತೆ ಹೇಳುತ್ತೇನೆ. ನನ್ನ ಕಡೆಯಿಂದ ಒಂದು ಸಲ ನೋಡಿ.

ಮದುವೆಯಾದ ಮೇಲೆ ಹದಿನಾಲ್ಕು ವರ್ಷ ನಮಗೆ ರಜೆ ಅಂದರೆ ಅರಕಲಗೂಡು. ಬೇಸಿಗೆ ರಜೆ, ದಸರಾ ರಜೆ, ಎರಡು ದಿನ ಒಟ್ಟಿಗೆ ಸಿಕ್ಕಿದರೂ ಅರಕಲಗೂಡು. ನಿಮಗೆ ಅದು ತವರು. ಐದನೇ ವರ್ಷದಲ್ಲೇ ತಾಯಿ ಇಲ್ಲದಂತಾದ ನಿಮ್ಮನ್ನು, ಆಗಷ್ಟೇ ಸೊಸೆಯಾಗಿ ಬಂದ ಗೌರಕ್ಕ ಸಾಕಿದರು. ಹೆಸರಿಗೆ ಅತ್ತಿಗೆ, ತಮ್ಮ ತಟ್ಟೆಯಿಂದಲೇ ತುತ್ತು ಕೊಟ್ಟು ಬೆಳೆಸಿದವರು. ಅದೆಲ್ಲ ನನಗೆ ಗೊತ್ತು. ಆದರೆ ವಾರವೆಲ್ಲ ಬಸ್ಸಿನಲ್ಲಿ ಓಡಾಡಿ, ಸ್ಕೂಲು ಮುಗಿಸಿ, ಮನೆ ನೋಡಿ, ರಜೆ ಬಂತು ಅಂದರೆ ಮತ್ತೆ ಆ ಮನೆಯಲ್ಲಿ ಶುಂಠಿ ಕೀಳುವ ಆಳುಗಳಿಗೆ ರೊಟ್ಟಿ ತಟ್ಟುತ್ತಾ ನಿಂತಿರುತ್ತಿದ್ದೆನಲ್ಲ — ಅದು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ನಾನೂ ಹೇಳಲಿಲ್ಲ. ಜೊತೆಗೆ ಒಂದು ಸಣ್ಣತನವೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ನನ್ನ ಸಾರು ಉಂಡು ನೀವು ಒಂದು ದಿನವೂ ಚೆನ್ನಾಗಿದೆ ಅಂದವರಲ್ಲ, "ಅತ್ತಿಗೆ ಮಾಡೋ ಹಾಗೆ ಬಂದಿದೆ" ಅನ್ನುತ್ತಿದ್ದಿರಿ. ಅದು ಹೊಗಳಿಕೆ ಅಂತ ನೀವು ತಿಳಿದಿದ್ದಿರಿ.

ಗೌರಕ್ಕ ನನಗೆ ಯಾವ ಕೇಡೂ ಮಾಡಿದವರಲ್ಲ. ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಬರುವ ಬಸ್ಸಿನಲ್ಲಿ, ಕಂಡಕ್ಟರ್ ಕೈಗೆ ಚೀಲ ಕೊಟ್ಟು ಕಳಿಸುತ್ತಿದ್ದರು. ಹಸಿ ಶುಂಠಿ, ಅವರೆಕಾಯಿ, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಹುರಿಟ್ಟು. ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ನಾನೇ ಹೋಗಿ ಇಳಿಸಿಕೊಳ್ಳುತ್ತಿದ್ದೆ. ಚೀಟಿಯಲ್ಲಿ ನನ್ನ ಹೆಸರೇ ಇರುತ್ತಿತ್ತು, ನಿಮ್ಮದಲ್ಲ.

ಆ ವರ್ಷ ಶುಕ್ರವಾರ ರಜೆ ಬಂದು ಮೂರು ದಿನ ಒಟ್ಟಿಗೆ ಸಿಕ್ಕಿತು. ಹತ್ತು ವರ್ಷದ ಪುಟ್ಟಿ ಸಮುದ್ರ ನೋಡಬೇಕು ಅಂತ ಹಠ ಹಿಡಿದಿದ್ದಳು. ನೀವು ಹೂಂ ಅಂದಾಗ ನನಗೇ ನಂಬಿಕೆ ಬರಲಿಲ್ಲ. ಉಡುಪಿಯಿಂದ ಆಚೆ, ನೀರಿನ ಪಕ್ಕದಲ್ಲೇ ಒಂದು ರೆಸಾರ್ಟು. ಅಂಗಡಿ ಶುರುವಾದ ಮೇಲೆ ಒಟ್ಟಿಗೆ ಎರಡು ದಿನ ಬಾಗಿಲು ಹಾಕದ ನೀವು, ಶರಟಿನ ಡಬ್ಬದ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ "ಮೂರು ದಿನ ರಜೆ" ಅಂತ ಬರೆದು, ಅದನ್ನು ಷಟರ್‌ಗೆ ಕಟ್ಟಿ ಬರುತ್ತೇನೆ ಅಂತ ಬೆಳಗ್ಗೆ ಹೋದಿರಿ. ಆಗ ಬಂತು ಮೊದಲನೇ ಫೋನು.

"ನಿಮ್ಮಕ್ಕ ಈ ಸಲ ಉಳಿಯಂಗಿಲ್ಲ ಕಣವ್ವ," ಅಂದರು ಭಾವ. "ನೀರು ಬುಟ್ರೆ ಏನೂ ಇಳಿತಾ ಇಲ್ಲ. ಸಿದ್ದು ಬಂದ್ನಾ ಸಿದ್ದು ಬಂದ್ನಾ ಅಂತವ್ಳೆ. ಅವುನ್ ಫೋನು ಸಿಗಾಕಿಲ್ಲ ಅಂತದೆ. ಒಂದ್ಗಳಿಗೆ ಕರ್ಕಂಬಾರವ್ವ."

ನಾನು "ಬರ್ತೀವಿ ಭಾವ" ಅಂದೆ.

ಬ್ಯಾಗುಗಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಪುಟ್ಟಿ ಹೊಸ ಟೋಪಿ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದಳು. ಹಿಂದೆ ಎರಡು ಸಲ ಹೀಗೇ ಆಗಿತ್ತು — ಗೌರಕ್ಕನ ಹೊಟ್ಟೆಯ ಗಡ್ಡೆ ಜೋರಾಗಿ, ಇನ್ನಿಲ್ಲ ಅಂತ ಹಾಸನದ ಆಸ್ಪತ್ರೆಗೆ ಎಲ್ಲರೂ ಓಡಿ, ನಾಲ್ಕನೇ ದಿನಕ್ಕೆ ಅವರು ಎದ್ದು ಕೂತು ಕಾಫಿ ಕೇಳಿದ್ದರು. ಈಗಲೂ ಹಾಗೇ, ಭಾನುವಾರ ವಾಪಸ್ ಬರುವಾಗ ಅಲ್ಲಿಗೇ ಹೋದರಾಯಿತು ಅಂದುಕೊಂಡೆ. ಅಂದುಕೊಂಡೆ ಅಂತ ಬರೆಯೋದು ಸುಲಭ. ನಿಜ ಹೇಳಬೇಕೆಂದರೆ, ಅಂದುಕೊಳ್ಳುವ ಮೊದಲೇ ನಿರ್ಧಾರ ಆಗಿಹೋಗಿತ್ತು. ಇದೊಂದು ಸಲ ನನಗೆ ಆ ಮನೆ ಬೇಡವಾಗಿತ್ತು.

ಹಾಸನದಲ್ಲಿ ಅರಕಲಗೂಡಿನ ರಸ್ತೆ ಎಡಕ್ಕೆ ಹೋಗುವ ಕಡೆ ನೀವು ಕಾರು ನಿಧಾನ ಮಾಡಿದಿರಿ. "ಒಂದು ಸಲ ಅತ್ತಿಗೆ ನೋಡ್ಕೊಂಡು ಹೋಗೋಣ್ವಾ?" ಅಂದಿರಿ. ಮುಕ್ಕಾಲು ಗಂಟೆಯ ದಾರಿ. ನಾನು "ಹುಷಾರಾಗಿದ್ದಾರಂತೆ, ಬರುವಾಗ ಹೋಗೋಣ" ಅಂದೆ. ಬಹುಶಃ ನಿಮಗೆ ಈ ಮಾತು ನೆನಪೂ ಇಲ್ಲ. ನನಗೆ ಆ ರಸ್ತೆಯ ಬೋರ್ಡಿನ ಬಣ್ಣ ಕೂಡ ನೆನಪಿದೆ.

ರೆಸಾರ್ಟಿಗೆ ಹೋದ ತಕ್ಷಣ ನೀವು ಫೋನ್ ಆಫ್ ಮಾಡಿ ನನ್ನ ಕೈಗೆ ಕೊಟ್ಟಿರಿ. "ಭಾನುವಾರದ ತನಕ ಇದು ನನ್ನ ಕಣ್ಣಿಗೆ ಬೀಳಬಾರ್ದು" ಅಂತ. ನಾನು ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟೆ. ಊಟದ ಮನೆಯಲ್ಲಿ ಮೀನಿನ ವಾಸನೆಗೆ ಮುಖ ಕಿವುಚಿ, ಅಡುಗೆಯವರ ಹತ್ತಿರ "ಸೌಟು ಬೇರೆ ತಾನೇ?" ಅಂತ ಮೂರು ಸಲ ಕೇಳಿ, ಕೊನೆಗೆ ಮೊಸರನ್ನ ಬಾಳೆಹಣ್ಣಿನಲ್ಲೇ ದಿನ ಕಳೆದಿರಿ. ಆದರೂ ಖುಷಿಯಾಗಿದ್ದಿರಿ. ತೆಂಗಿನ ಮರಗಳ ನಡುವೆ ಕಟ್ಟಿದ್ದ ಬಲೆಯ ಉಯ್ಯಾಲೆಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡಿದಿರಿ. ನಾನು ಮರಳಿನ ಮೇಲೆ ಸುಮ್ಮನೆ ಕಾಲು ಚಾಚಿ ಕೂತಿದ್ದೆ. ಯಾರಿಗೂ ಏನೂ ಬಡಿಸಬೇಕಿರಲಿಲ್ಲ.

ಶನಿವಾರ ಬೆಳಗ್ಗೆ ಎಂಟೂವರೆಗೆ ಎರಡನೇ ಫೋನು ಬಂತು. ನೀವು ಪುಟ್ಟಿಯನ್ನು ಕರೆದುಕೊಂಡು ನೀರಿಗೆ ಇಳಿದಿದ್ದಿರಿ. ಪ್ಯಾಂಟು ಮಂಡಿಯ ತನಕ ಮಡಚಿದ್ದಿರಿ. ಅಲೆ ಬಂದಾಗಲೆಲ್ಲ ಅವಳಿಗಿಂತ ಮೊದಲು ನೀವೇ ಹಿಂದಕ್ಕೆ ಓಡುತ್ತಿದ್ದಿರಿ.

"ಓಗ್ಬುಟ್ಳು ಕಣವ್ವ," ಅಂದರು ಭಾವ. ಆಮೇಲೆ ಕೇಳಿದರು, "ಎಲ್ಲಿಗಂಟ ಬಂದ್ರಿ?"

ನಾನು ಅಂದೆ — "ದಾರೀಲಿದ್ದೀವಿ ಭಾವ."

ಮೊದಲನೇ ಸಲದ್ದಕ್ಕೆ ಏನೋ ಒಂದು ಸಬೂಬು ಹುಡುಕಬಹುದು. ಎರಡನೆಯದಕ್ಕೆ ಹುಡುಕಿ ಹುಡುಕಿ ಸೋತಿದ್ದೇನೆ. ಆಗ ಹೊರಟಿದ್ದರೂ ಘಾಟಿ ಹತ್ತಿ ಮೂರು ಗಂಟೆಗೆಲ್ಲ ಅಲ್ಲಿರುತ್ತಿದ್ದೆವು. ಆದರೆ ನಿಮ್ಮನ್ನು ಕೂಗಿ ಕರೆದು ಹೇಳಿದರೆ, ನಿನ್ನೆಯ ಫೋನಿನ ವಿಷಯವೂ ಹೊರಗೆ ಬರುತ್ತಿತ್ತು. ಅತ್ತಿಗೆ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು, ನೀನು ನನ್ನನ್ನು ಇಲ್ಲಿ ಮೊಸರನ್ನ ತಿನ್ನೋಕೆ ಕರಕೊಂಡು ಬಂದೆ ಅಂತ ನೀವು ಅನ್ನುತ್ತಿದ್ದಿರಿ. ಹೆದರಿಕೆ — ಬರೀ ಹೆದರಿಕೆ. ಜೊತೆಗೆ, ಅಲ್ಲಿ ನೀರಿನಲ್ಲಿ ನೀವು ನಗುತ್ತಿದ್ದಿರಿ. ಹದಿನಾಲ್ಕು ವರ್ಷದಲ್ಲಿ ನಾನು ನೋಡದ ನಗು ಅದು, ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು. ಸ್ವಲ್ಪ ಹೊತ್ತು ಅಂತಲೇ ಮಧ್ಯಾಹ್ನ ಆಯಿತು. ಮಧ್ಯಾಹ್ನ ಆದ ಮೇಲೆ ಇನ್ನು ಹೋದರೂ ಮುಖ ನೋಡೋಕೆ ಸಿಗೋದಿಲ್ಲ ಅನ್ನುವ ಸಮಾಧಾನ. ನನ್ನ ಫೋನನ್ನೂ ಆಫ್ ಮಾಡಿದೆ.

ಅವತ್ತು ಹೊತ್ತು ಮುಳುಗುವಾಗ ಪಕ್ಕದ ರೂಮಿನವರು ತಮ್ಮ ಫೋನಿನಲ್ಲಿ ನಮ್ಮ ಮೂವರ ಫೋಟೋ ತೆಗೆದು, ಆಮೇಲೆ ಕಳಿಸಿಕೊಟ್ಟರು. ನೀವು ಅಷ್ಟು ಇಷ್ಟಪಟ್ಟ ಫೋಟೋ.

ಭಾನುವಾರ ಮಧ್ಯಾಹ್ನ ಹಾಸನದಲ್ಲಿ ಕಾಫಿಗೆ ನಿಂತಾಗ ನೀವು ಫೋನ್ ಕೇಳಿದಿರಿ. ಆನ್ ಮಾಡಿದ ಐದೇ ನಿಮಿಷಕ್ಕೆ ಊರಿನ ಯಾರೋ ಮಾಡಿದರು. "ಅತ್ಗೆ ಮಣ್ಣಿಗೂ ಬರ್ನಿಲ್ವಲ್ಲೋ ಸಿದ್ದಣ್ಣ." ನಿಮ್ಮ ಕೈಯಲ್ಲಿದ್ದ ಲೋಟ ಟೇಬಲ್ಲಿಗೆ ತಗುಲಿ ಕಾಫಿ ಚೆಲ್ಲಿದ್ದು, ನಾನು ಅದನ್ನು ಒರೆಸಿದ್ದು — ಆ ಹೊತ್ತಿನಲ್ಲಿ ನಾನು ಟೇಬಲ್ ಒರೆಸುತ್ತಿದ್ದೆ ರೀ.

ತೋಟದ ಮೂಲೆಯಲ್ಲಿ ಗೌರಕ್ಕನನ್ನು ಕೂರಿಸಿ ಮಣ್ಣು ಮಾಡಿದ್ದರು. ಮೇಲೆ ಹಾಕಿದ್ದ ಬಿಲ್ವಪತ್ರೆ ಬಾಡಿತ್ತು. ನೀವು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಿರಿ. ಹಾಕೋಣ ಅಂದರೆ ಗುಂಡಿ ಮುಚ್ಚಿಹೋಗಿತ್ತು. ಹಾಗೇ ಮುಷ್ಟಿ ಹಿಡಿದುಕೊಂಡು ಭಾವನ ಮುಂದೆ ಬಂದು ನಿಂತಿರಿ.

"ನನ್ ಫೋನ್ ಆಫ್ ಆಗಿತ್ತು, ಒಪ್ಕೋತೀನಿ. ಇವಳ ಫೋನ್ ಇತ್ತಲ್ಲ? ಇವಳಿಗೆ ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?"

ಭಾವ ನನ್ನ ಮುಖ ನೋಡಿದರು. ಮೂರು ದಿನದಿಂದ ನಿದ್ದೆ ಇಲ್ಲದ ಕಣ್ಣು, ಗಡ್ಡ ಬಂದಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ನಾನು ಸೆರಗು ಹಿಡಿದುಕೊಂಡು ನಿಂತಿದ್ದೆ.

"ಗಾಬ್ರಿಲಿ ತೋಚ್ನಿಲ್ಲ ಕಣ್ಲಾ ಸಿದ್ದ," ಅಂದರು. "ಮರ್ತ್ಬುಟ್ಟೆ. ನಂದೇ ತೆಪ್ಪು."

"ಅವಳು ನಂಗೆ ಅವ್ವ ಕಣೋ," ಅಂದಿರಿ ನೀವು. "ಅದನ್ನೂ ಮರೆತ್ಯಾ? ಇನ್ನು ಈ ಮನೆ ಬಾಗಿಲಿಗೆ ಬರಲ್ಲ ನಾನು."

ಬರಲಿಲ್ಲ. ಏಳು ವರ್ಷ. ಕಾರಿನಲ್ಲಿ ಹಿಡಿದು ತಂದ ಆ ಮಣ್ಣನ್ನು ನೀವು ನಮ್ಮ ತುಳಸಿ ಕುಂಡಕ್ಕೆ ಹಾಕಿದಿರಿ. ಪುಟ್ಟಿ ಪ್ರಿಂಟ್ ಹಾಕಿಸಿ ತಂದ ಫೋಟೋವನ್ನು ಒಂದೇ ದಿನ ಗೋಡೆಯ ಮೇಲೆ ನೋಡಿ, ಇಳಿಸಿ ಬೀರುವಿನ ಮೇಲೆ ಬೋರಲು ಹಾಕಿದಿರಿ. "ಅಲ್ಲಿ ಅವಳಿಗೆ ಮಣ್ಣು ಹಾಕ್ತಿದ್ರು, ಇಲ್ಲಿ ನಾನು ಹಲ್ಲು ಕಿರಿತಿದ್ದೆ" ಅಂದಿರಿ. ಆ ನಗುವಿಗೂ ನೀವೇ ತಪ್ಪಿತಸ್ಥರಾದಿರಿ. ಆಮೇಲೆ ನಾವು ಎಲ್ಲಿಗೂ ಹೋಗಲಿಲ್ಲ. ರಜೆ ಬಂದರೆ ನೀವು ಅಂಗಡಿಯಲ್ಲೇ ಇರುತ್ತೀರಿ, ನಾನು ಬೀರು ಒರೆಸುವಾಗ ಆ ಫೋಟೋ ಎತ್ತಿ ಮತ್ತೆ ಹಾಗೇ ಇಡುತ್ತೇನೆ.

ಹೋದ ಭಾನುವಾರ ಭಾವ, ಮಗಳು ಶಿಲ್ಪಳ ಮದುವೆ ಕಾರ್ಡು ಹಿಡಿದು ಅವಳನ್ನೂ ಕರೆದುಕೊಂಡು ಮನೆಗೆ ಬಂದರು. ನೀವು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದಿರಿ. ಅಡುಗೆಮನೆಯಲ್ಲಿ ಶಿಲ್ಪ ನನಗೆ ಒಂದು ಮಾತು ಹೇಳಿದಳು. ಅದು ನನಗೂ ಗೊತ್ತಿರಲಿಲ್ಲ.

"ಚಿಕ್ಕಪ್ಪ ಬರ್ದೇ ಇದ್ರೆ ಬ್ಯಾಡ ಬುಡಿ ಚಿಕ್ಕಮ್ಮ. ಅವ್ವನ ಮಣ್ಣಿಗೇ ಬರ್ನಿಲ್ಲ. ಅಪ್ಪ ಒತ್ತು ಮುಳುಗಗಂಟ ಯಾರ್ಗೂ ಅವ್ವನ್ನ ಎತ್ತಾಕೆ ಬುಡ್ನಿಲ್ಲ. ಜನ ಬೈಯ್ತಾವ್ರೆ, ಅಪ್ಪ ಮಾತ್ರ ದಾರೀಲವ್ನೆ, ನನ್ ತಮ್ಮ ದಾರೀಲವ್ನೆ ಅಂತ ರೋಡ್ನಲ್ಲೇ ನಿಂತಿತ್ತು."

ಅವಳು ನಿಮ್ಮ ಮೇಲೆ ಸಿಟ್ಟಾಗಿದ್ದಾಳೆ, ನೀವು ಅವಳ ಅಪ್ಪನ ಮೇಲೆ. ಎರಡೂ ಕಡೆಯ ಬೈಗುಳ ತಿಂದುಕೊಂಡು ಆ ಮನುಷ್ಯ ಏಳು ವರ್ಷ ಬಾಯಿ ಬಿಟ್ಟಿಲ್ಲ. ನನ್ನನ್ನೂ ಒಂದು ಸಲ ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆ, ಹಗುರವಾಗುತ್ತಿದ್ದೆ.

ಹೊರಡುವಾಗ ಗೇಟಿನ ಹತ್ತಿರ ಭಾವ ಹೇಳಿದರು, "ನಾನೊಬ್ನೇ ಆಗೋದೆ. ಧಾರೆ ಎರೆಯಕ್ಕೆ ಜೋಡಿ ಬೇಕು. ನೀವಿಬ್ರೂ ಕೂತ್ಕಬೇಕು ಕಣವ್ವ, ಅವುನ್ಗೆ ಎಂಗಾರ ಮಾಡಿ ಹೇಳು."

"ನಾನು ಎಲ್ಲ ಹೇಳಿಬಿಡ್ತೀನಿ ಭಾವ," ಅಂದೆ.

"ಬ್ಯಾಡ. ನನ್ ಮ್ಯಾಲಿನ ಸಿಟ್ಟ ಅವ್ನು ತಡ್ಕತಾನೆ. ನಿನ್ ಮ್ಯಾಲೆ ಅಂದ್ರೆ ನಿಮ್ಮನೆ ಒಡ್ದೋಯ್ತದೆ."

ಅವರ ಆ ಮಾತನ್ನೂ ಈಗ ಮೀರುತ್ತಿದ್ದೇನೆ. ಗೌರಕ್ಕ ಕೂರಬೇಕಿದ್ದ ಮಣೆಯ ಮೇಲೆ, ಅವರ ಮಗಳ ಕೈ ಹಿಡಿದು, ಈ ಸುಳ್ಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರೋದು ನನ್ನಿಂದ ಆಗೋದಿಲ್ಲ. ನಿಜ ತಿಳಿದ ಮೇಲೆ ನನ್ನ ಪಕ್ಕ ಕೂರೋದು ನಿಮ್ಮಿಂದಲೂ ಆಗದಿರಬಹುದು. ಆಗಲ್ಲ ಅಂದರೆ ನಾನು ಹಿಂದೆ, ಜನರ ನಡುವೆ ಇರುತ್ತೇನೆ. ಅದೂ ಬೇಡ ಅಂದರೆ ಇಲ್ಲೇ ಇರುತ್ತೇನೆ. ಅದನ್ನು ನೀವು ಹೇಳಿ. ಕ್ಷಮಿಸಿ ಅಂತ ಕೇಳುತ್ತಿಲ್ಲ. ಕೇಳಿದರೆ ನೀವು ಬಿಡು ಅನ್ನುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಅಷ್ಟು ಸುಲಭವಾಗಿ ಬಿಡಬೇಡಿ.

ಊಟ ಮುಗಿದ ಬೆಲ್ ಆಯಿತು. ನಾಳೆ ನಿಮ್ಮ ಊಟದ ಚೀಲದಲ್ಲಿ ಇದನ್ನು ಇಡುತ್ತೇನೆ. ಓದಿ, ಬಂದು ನನ್ನನ್ನು ಏನು ಬೇಕಾದರೂ ಕೇಳಿ. ಆದರೆ ಧಾರೆಯ ಹೊತ್ತಿಗೆ ಅರಕಲಗೂಡಿಗೆ ಹೋಗಿ. ಭಾವ ಅವತ್ತೂ ರೋಡಿನಲ್ಲೇ ನಿಂತಿರುತ್ತಾರೆ. ನಿನ್ನ ತಮ್ಮ ಎಲ್ಲಿ ಅಂತ ಜನ ಕೇಳುತ್ತಾರೆ. ದಾರೀಲವ್ನೆ ಅಂತ ಅವರು ಹೇಳುವಾಗ, ಈ ಸಲ ಅದು ನಿಜವಾಗಿರಲಿ.