ಬಲಕ್ಕೇ ಬಾಗುವ ಮರ

ಕೀಸುಳಿಯ ಸದ್ದು ಕೇಳಿದರೆ ಟಿಪ್ಪಕ್ಕನ ಕೈಕೆಲಸ ನಿಂತುಬಿಡುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದೇ ಅದು. ಇವಳ ತೊಟ್ಟಿಲಿಗೆ ಜೋಗುಳ ಬೇಕಿರಲಿಲ್ಲ, ಅಪ್ಪ ಮರ ಕೀಸಲು ನಿಂತರೆ ಸಾಕು, ಮಗು ನಿದ್ದೆ ಹೋಗುತ್ತಿತ್ತು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಈಗ ಅದೇ ಸದ್ದಿಗೆ ಮಗಳು ಬೆಚ್ಚಿಬೀಳುತ್ತಾಳೆ. ಒಂದೊಂದು ಎಳೆತಕ್ಕೂ ಒಳ್ಳೆಯ ಮರ ಹಾಳಾಗುತ್ತಿದೆ ಎಂದು ಅವಳಿಗೆ ಗೊತ್ತು. ಹಾಳು ಮಾಡುತ್ತಿರುವವನಿಗೆ ಗೊತ್ತಿಲ್ಲ.

ಅಪ್ಪ, ಮೇಜಿನ ಮೇಲೆ ಚೆಂಡು ಹೊಡೆಯುವ ಸ್ನೂಕರ್, ಪೂಲ್ ಆಟಗಳ ಕ್ಯೂ ಕೋಲುಗಳನ್ನು ಕೈಯಲ್ಲೇ ಮಾಡುವವನು. ಊರಿಗೆಲ್ಲ ಮೇಸ್ತ್ರಿ. ಮಗಳ ಕೆಲಸ ಕೋಲಿನ ತುದಿಗೆ ಹಿತ್ತಾಳೆಯ ಉಂಗುರ ತೊಡಿಸಿ, ಅದರ ನೆತ್ತಿಗೆ ಚರ್ಮದ ಪುಟ್ಟ ಬಿಲ್ಲೆ ಅಂಟಿಸುವುದು. ಆ ಬಿಲ್ಲೆಗೆ ಆಟಗಾರರು ಟಿಪ್ ಎನ್ನುತ್ತಾರೆ, ಹಾಗಾಗಿ ಇವಳು ಟಿಪ್ಪಕ್ಕ. ನಲವತ್ತು ದಾಟಿದ ಈ ಹೆಂಗಸನ್ನು ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ, ಬ್ಯಾಂಕಿನವರೇ ಬಂದರೇನೋ ಎಂದು ಗಾಬರಿಯಿಂದ ತಿರುಗಿ ನೋಡುತ್ತಾಳೆ.

ಮನೆಯ ಹಿಂಬದಿಯ ಉದ್ದನೆಯ ಕೋಣೆಯೇ ಕಾರ್ಖಾನೆ. ಅಲ್ಲಿ ತಲೆ ತಗ್ಗಿಸಿಯೇ ನಡೆಯಬೇಕು, ಸೂರಿನಿಂದ ಅರೆಬರೆ ಕೀಸಿದ ಕೋಲುಗಳು ತಂತಿಯಲ್ಲಿ ನೇತಾಡುತ್ತಿರುತ್ತವೆ. ಗೋಡೆಗೆ ಒರಗಿಸಿದ ಕೋಲು ಸೋಮಾರಿಯ ಬೆನ್ನಿನಂತೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಹಾಗಾಗಿ ಸ್ವಲ್ಪ ಕೀಸುವುದು, ತೂಗುಹಾಕಿ ಮರೆತುಬಿಡುವುದು, ಮರ ಹದಕ್ಕೆ ಬಂದ ಮೇಲೆ ಮತ್ತೆ ಸ್ವಲ್ಪ ಕೀಸುವುದು. ಅವಸರಕ್ಕೆ ಹುಟ್ಟಿದ ಕೋಲು ಅವಸರಕ್ಕೇ ಸಾಯುತ್ತದೆ ಎನ್ನುವುದು ಮೇಸ್ತ್ರಿಯ ಮಾತು.

ಮರ ಆರಿಸುವುದರಲ್ಲಂತೂ ಮೇಸ್ತ್ರಿಯ ಹಠ ಊರಿಗೇ ಗೊತ್ತು. ಕೋಲಿಗೆ ಬಳಸುವ ಬಿಳಿ ಆ್ಯಶ್ ಮರದ ಹಲಗೆಯ ಒಂದು ತುದಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಹದವಾದ ಮರ ಕಂಚಿನ ತಟ್ಟೆಯ ಹಾಗೆ ದನಿ ಎಳೆಯಬೇಕು. ಹಸಿ ಮರವಾದರೆ ಕುಂಬಳಕಾಯಿ ತಟ್ಟಿದಂತೆ ದೊಬ್ಬೆನ್ನುತ್ತದೆ. ಎಳೆಗಳು ಈ ತುದಿಯಿಂದ ಆ ತುದಿಗೆ ನೆಟ್ಟಗೆ ಓಡಿರಬೇಕು, ಉರುಟಾಗಿ ಕೀಸಿದಾಗ ಅವೇ ಎಳೆಗಳು ಬಾಣದ ಮೊನೆಗಳಂತೆ ಒಂದರ ಹಿಂದೊಂದು ಸಾಲುಗಟ್ಟಬೇಕು. ಮರದ ಸಾಹುಕಾರನ ಅಟ್ಟಿಯಲ್ಲಿ, ಹಲಗೆಗಳ ರಾಶಿಯ ನಡುವೆ, ಬೆಳಗಿನಿಂದ ತಟ್ಟಿ ತಟ್ಟಿ, ಒಂದೂ ಒಪ್ಪದೆ ಬರಿಗೈಯಲ್ಲಿ ಮನೆಗೆ ಬಂದದ್ದುಂಟು. "ನನ್ನ ನೋಡೋಕೆ ಬಂದಾಗ ತಟ್ಟಿ ನೋಡ್ಲಿಲ್ಲ, ನನ್ನ ಪುಣ್ಯ," ಎನ್ನುತ್ತಿದ್ದಳು ಅಮ್ಮ.

ಇನ್ನು ಕೋಲು ನೆಟ್ಟಗಿದೆಯೇ ಎಂದು ನೋಡುವುದಕ್ಕೆ ಆ ಕೋಣೆಯಲ್ಲಿ ಒಂದೇ ಸಾಧನ, ಮೇಸ್ತ್ರಿಯ ಬಲಗಣ್ಣು. ಕೋಲಿನ ಬುಡವನ್ನು ಕೆನ್ನೆಯ ಮೂಳೆಗೆ ಒತ್ತಿ, ಎಡಗಣ್ಣು ಮುಚ್ಚಿ, ಬೆಳಕಿನ ಕಡೆ ಗುರಿ ಇಡುತ್ತಿದ್ದ. "ದಾರ ಹಿಡಿದು ನೋಡೋನು ಗಾರೆ ಕೆಲಸದವನು. ಕೋಲು ಮಾಡೋನಿಗೆ ಕಣ್ಣೇ ದಾರ," ಎಂಬ ಮಾತನ್ನು ಅವನ ಬಾಯಿಂದ ಕೇಳದೆ ಯಾವ ಗಿರಾಕಿಯೂ ಆ ಮನೆಯಿಂದ ಹೊರಬಿದ್ದಿಲ್ಲ.

ಹೋದ ಬೇಸಿಗೆಯಿಂದ ಆ ಕಣ್ಣಿಗೆ ಒಂದು ಮರವೂ ನೆಟ್ಟಗೆ ಕಾಣಲಿಲ್ಲ.

ಮೊದಲು ಮರದ ಮೇಲೆ ಸಿಟ್ಟು ಬಂತು. ಆಮೇಲೆ ಮರ ಮಾರಿದವನ ಮೇಲೆ. ಸಾಹುಕಾರನ ಅಟ್ಟಿಗೇ ಹೋಗಿ, ಆಳುಗಳ ಎದುರಿಗೇ, "ಹಸಿ ಮರಕ್ಕೆ ಹದವಾದ ಮರ ಅಂತ ಹೆಸರಿಟ್ಟು ಮಾರ್ತೀಯಲ್ಲ, ಅನ್ನ ಹೇಗೆ ಗಂಟಲಲ್ಲಿ ಇಳಿಯುತ್ತೆ ನಿಂಗೆ?" ಎಂದು ಕೇಳಿದ. ಸಾಹುಕಾರ ಕೈ ಮುಗಿದು, "ಮೇಸ್ತ್ರಿ, ನಿಮ್ಮ ಮುಂದೆ ಕೆಟ್ಟ ಮರ ಇಡೋ ಧೈರ್ಯ ನಮ್ಮಪ್ಪನಿಗೂ ಇರ್ಲಿಲ್ಲ," ಎಂದ. ಮೇಸ್ತ್ರಿ ಉಗಿದು ಬಂದ. ಅಂದಿನಿಂದ ಆ ಅಟ್ಟಿಯ ದಾರಿ ತುಳಿಯಲಿಲ್ಲ.

ಒಂದು ದಿನ ಅಪ್ಪ ಸ್ನಾನಕ್ಕೆ ಹೋದಾಗ ಟಿಪ್ಪಕ್ಕ ಹೊಲಿಗೆಯ ದಾರ ತಂದಳು. ಅವನು ಓರೆ ಎಂದು ಬದಿಗೆ ಎಸೆದಿದ್ದ ಕೋಲಿನ ಉದ್ದಕ್ಕೂ ಬಿಗಿಯಾಗಿ ಎಳೆದು ಹಿಡಿದಳು. ದಾರ ಮರವನ್ನು ಬಿಟ್ಟು ಎಲ್ಲೂ ಏಳಲಿಲ್ಲ. ತಿರುಗಿಸಿ ಹಿಡಿದಳು, ಆಗಲೂ ಏಳಲಿಲ್ಲ. ಕೋಲು ನೆಟ್ಟಗಿತ್ತು. ಅಪ್ಪ ಕೀಸಿ "ಸರಿಮಾಡಿ" ಗಿರಾಕಿಗೆಂದು ಇಟ್ಟಿದ್ದ ಕೋಲಿಗೆ ಅದೇ ದಾರ ಎಳೆದರೆ ಅದು ಹಾವು ಹರಿದಂತೆ ಅಲೆಅಲೆಯಾಗಿತ್ತು. ಬಚ್ಚಲಿನಲ್ಲಿ ಚೊಂಬಿನ ಸದ್ದು ನಿಂತಿತು. ಟಿಪ್ಪಕ್ಕ ದಾರವನ್ನು ಮುದ್ದೆ ಮಾಡಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಸತ್ಯವನ್ನೂ ಅದರ ಜೊತೆಗೇ ಮುಚ್ಚಿದಳು.

ಮುಚ್ಚಿಟ್ಟವಳು ಇವಳೊಬ್ಬಳೇ ಅಲ್ಲ. ಕ್ಲಬ್ಬಿಗೆ ಟಿಪ್ ಬದಲಿಸಲು ಹೋದಾಗ ನೋಡಿದಳು, ಅಪ್ಪ ಈಚೆಗೆ ಮಾಡಿದ ಕೋಲುಗಳೆಲ್ಲ ಮೂಲೆಯಲ್ಲಿ ಧೂಳು ಹೊತ್ತು ನಿಂತಿದ್ದವು. ಆಡುವವರ ಕೈಯಲ್ಲಿ ಅಂಗಡಿಯಿಂದ ತಂದ ಕೋಲುಗಳಿದ್ದವು. ಕ್ಲಬ್ಬಿನ ಮ್ಯಾನೇಜರು, "ಮೇಸ್ತ್ರಿ ಮಾಡಿದ್ದಲ್ವಾ ಅಕ್ಕ, ಜೋಪಾನವಾಗಿ ಇಟ್ಟಿದ್ದೀವಿ," ಎಂದ. ಜೋಪಾನವಂತೆ. ಹಿರಿಯರ ಎದುರು ಸತ್ಯ ನುಂಗುವುದಕ್ಕೆ ನಾವು ಗೌರವ ಎಂದು ಹೆಸರಿಟ್ಟಿದ್ದೇವೆ. ನುಂಗಿದವನ ಹೊಟ್ಟೆ ತಣ್ಣಗಿರುತ್ತದೆ. ಎದುರಿಗೆ "ಆಹಾ" ಎಂದು, ಬೆನ್ನು ತಿರುಗಿದ ಕೂಡಲೇ ಮುಖ ಮುಖ ನೋಡಿಕೊಳ್ಳುತ್ತೇವೆ. ಒಬ್ಬ ಮನುಷ್ಯ ಐವತ್ತು ವರ್ಷ ಕಟ್ಟಿದ ಹೆಸರು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೂ ನಮ್ಮ ಸಭ್ಯತೆಗೆ ಕೂದಲೂ ಕೊಂಕುವುದಿಲ್ಲ. ಅಪರಿಚಿತ ಬೈದು ಹೋಗಿದ್ದರೆ ಮೇಸ್ತ್ರಿ ಅಂದೇ ಬಚಾವಾಗುತ್ತಿದ್ದ. ಅವನನ್ನು ಕೆಡಿಸಿದವರು ಅವನನ್ನು ಮೆಚ್ಚುವವರು.

ಹೀಗಿರುವಾಗ ಚಿಕ್ಕಮ್ಮನ ಮಗಳು ಬಂದಳು. ಮನೆತನದಲ್ಲಿ ಆಟಕ್ಕೆ ಇಳಿದವಳು ಅವಳೊಬ್ಬಳೇ. ಭಾನುವಾರ ತಂಡದ ಆಯ್ಕೆಗೆ ಪಂದ್ಯವಿತ್ತು, ಕೋಲು ಕಾರಿನ ಬಾಗಿಲಿಗೆ ಸಿಕ್ಕಿ ಮುರಿದಿತ್ತು. ಕರಿಮರದ ಬುಡ ಉಳಿದಿತ್ತು, ಮುಂದಿನ ಉದ್ದ ಭಾಗ ಸೀಳಿಹೋಗಿತ್ತು.

"ಅಂಗಡಿಯಲ್ಲಿ ಒಂದು ತಗೊಳ್ಳೇ," ಎಂದಳು ಟಿಪ್ಪಕ್ಕ ಮೆಲ್ಲಗೆ. ಅಪ್ಪನಿಗೆ ಕೇಳಿಸೀತೆಂಬ ಭಯ.

"ಬೇರೆಯವರ ಚಪ್ಪಲಿ ಹಾಕ್ಕೊಂಡು ಓಡಿದ ಹಾಗಾಗುತ್ತೆ ಅಕ್ಕ. ದೊಡ್ಡಪ್ಪನ ಕೋಲು ಬಿಟ್ಟು ಬೇರೆ ಮುಟ್ಟಿಲ್ಲ ನಾನು."

ಒಳಗೆ ಉಳಿದಿದ್ದ ಹದವಾದ ಆ್ಯಶ್ ಒಂದೇ ಒಂದು. ವರ್ಷಗಟ್ಟಲೆ ತೂಗಿ ಕಲ್ಲಿನಂತಾಗಿದ್ದ ಕೋಲು. ಬೇರೆ ತರೋಣವೆಂದರೆ ಸಾಹುಕಾರನ ಅಟ್ಟಿಗೆ ಮೇಸ್ತ್ರಿ ಹೋಗುವವನಲ್ಲ, ತಂದರೂ ಹದವಾಗುವಷ್ಟು ಕಾಲವಿಲ್ಲ. ಮೇಸ್ತ್ರಿ ಅದನ್ನೇ ಇಳಿಸಿದ. ಕರಿಮರಕ್ಕೂ ಬಿಳಿಮರಕ್ಕೂ ಒಂದರೊಳಗೊಂದು ಕೂರುವ ನಾಲ್ಕು ಮೊನೆಯ ಬೆಸುಗೆ ಹಾಕಿದ. ಬೆರಳುಗಳಿಗೆ ಏನೂ ಆಗಿರಲಿಲ್ಲ, ಅಂಟಿನ ಗೆರೆಯೂ ಕಾಣದಂತೆ ಕೂತಿತು ಬೆಸುಗೆ. ಆಮೇಲೆ ಕೋಲನ್ನು ಕೆನ್ನೆಗಿಟ್ಟು ನೋಡಿ, "ಓರೆ," ಎಂದ. ಕೀಸುಳಿ ಕೈಗೆ ತೆಗೆದುಕೊಂಡ.

ಟಿಪ್ಪಕ್ಕ ಹಿತ್ತಾಳೆಯ ಉಂಗುರ ಹಿಡಿದು ಪಕ್ಕದಲ್ಲಿ ನಿಂತಳು. ಕೋಲಿನ ತುದಿ ಆ ಉಂಗುರಕ್ಕಿಂತ ದಪ್ಪವಿರುವವರೆಗೆ ಜೀವ ಇದೆ. ಉಂಗುರ ಸಡಿಲವಾಗಿ ಇಳಿದರೆ ಮುಗಿಯಿತು, ಆ ಮರ ಒಲೆಗೆ. ಹುಡುಗಿ ಸ್ಟೂಲಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಬಾಗಿಲಲ್ಲಿ ಅಮ್ಮ.

ಸರ್ರನೆ ಒಂದು ಎಳೆತ. ಸಿಪ್ಪೆ ಸುರುಳಿ ಸುತ್ತಿ ಕಾಲ ಬಳಿ ಬಿತ್ತು. ಮೇಸ್ತ್ರಿ ಕೋಲನ್ನು ಹೊರಳಿಸಿದ, ನೋಡಿದ, ಮತ್ತೆ ಎಳೆದ.

"ಹಠಮಾರಿ ಮರ. ಈ ಕಡೆ ತೆಗೆದ್ರೆ ಆ ಕಡೆ ಹೋಗುತ್ತೆ."

"ಸ್ವಲ್ಪ ಹೊತ್ತು ಬಿಡಪ್ಪ. ಸುಧಾರಿಸ್ಕೊಳ್ಳಲಿ."

"ಸುಧಾರಿಸ್ಕೊಳ್ಳೋಕೆ ಅದೇನು ಗದ್ದೆ ಉಳ್ತಿತ್ತಾ?"

ಮತ್ತೊಂದು ಎಳೆತ. ಟಿಪ್ಪಕ್ಕ ಉಂಗುರವನ್ನು ತುದಿಗೆ ತಾಗಿಸಿದಳು. ಬಿಗಿಯಾಗಿ ಅಂಚಿನಲ್ಲೇ ನಿಂತಿತು. ಇನ್ನು ನಾಲ್ಕೈದು ಸಲ ಎಳೆದರೆ ಇಳಿಯುತ್ತದೆ.  ಹೇಳಿದರೆ ಅಪ್ಪನ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಮರ ಹೋಗುತ್ತದೆ, ಹುಡುಗಿಯ ಭಾನುವಾರವೂ ಹೋಗುತ್ತದೆ. ಮೇಸ್ತ್ರಿ ಮತ್ತೆ ಕೀಸುಳಿ ಇಟ್ಟ. ಅವಳು ಅದರ ಮೂತಿಯ ಮೇಲೆ ಅಂಗೈ ಇಟ್ಟಳು.

"ನಿಲ್ಲಿಸು ಅಪ್ಪ."

"ಕೈ ತೆಗಿ. ಕೊಯ್ದುಹೋಗುತ್ತೆ."

"ಹೋಗ್ಲಿ."

ಆ ಮನೆಯಲ್ಲಿ ಮೇಸ್ತ್ರಿಯ ಕೀಸುಳಿಗೆ ಯಾರೂ ಅಡ್ಡ ಕೈ ಇಟ್ಟವರಿಲ್ಲ. ಅಮ್ಮ ಬಾಗಿಲು ಬಿಟ್ಟು ಒಳಗೆ ಒಂದು ಹೆಜ್ಜೆ ಇಟ್ಟಳು.

"ಓರೆ ಯಾವ ಕಡೆಗಿದೆ, ಹೇಳು," ಎಂದಳು ಟಿಪ್ಪಕ್ಕ.

"ಬಲಕ್ಕೆ. ಕುರುಡನಿಗೂ ಕಾಣುತ್ತೆ."

ಅವಳು ಕೋಲನ್ನು ತಾನೇ ಎತ್ತಿ ಅಪ್ಪನ ಕೆನ್ನೆಗಿಟ್ಟಳು. "ನೋಡು. ಬಲಕ್ಕೆ ತಾನೆ?"

"ಬಲಕ್ಕೆ."

ಕೋಲನ್ನು ಕೆನ್ನೆಯಿಂದ ತೆಗೆಯದೆ ಅರ್ಧ ಸುತ್ತು ಹೊರಳಿಸಿದಳು. "ಈಗ?"

"ಬಲಕ್ಕೆ," ಎಂದ ಮೇಸ್ತ್ರಿ. ಹೇಳಿದ ಬಾಯಿ ಹಾಗೆಯೇ ತೆರೆದು ನಿಂತಿತು.

ಕೋಲು ಮಾಡುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಕ್ಕೆ ಬಾಗಿದ ಕೋಲನ್ನು ಅರ್ಧ ಸುತ್ತು ತಿರುಗಿಸಿದರೆ ಬಾಗು ಎಡಕ್ಕೆ ಬರಲೇಬೇಕು. ಹೇಗೆ ತಿರುಗಿಸಿದರೂ ಬಲಕ್ಕೇ ಉಳಿಯುವ ಬಾಗು ಮರದ್ದಲ್ಲ. ಇಷ್ಟು ದಿನ ಅವನು ಒಂದು ಬದಿ ಕೀಸಿ, ಹೊರಳಿಸಿ, ಮತ್ತೆ ಬಲಕ್ಕೆ ಬಾಗಿದ್ದು ಕಂಡು, ಮರ ತನ್ನೊಡನೆ ಹಠ ಹಿಡಿದಿದೆ ಎಂದುಕೊಂಡಿದ್ದ. ನಡುವೆ ಕೀಸುಳಿ ಬರದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಸುಮ್ಮನೆ ತಿರುಗಿಸಿ ನೋಡುವ ತಾಳ್ಮೆ ಅವನ ಕಣ್ಣಿನ ಜಂಬಕ್ಕೆ ಇರಲಿಲ್ಲ.

"ಇನ್ನೊಂದ್ಸಲ ತಿರುಗಿಸು."

ತಿರುಗಿಸಿದಳು. ಬಾಗು ಆಗಲೂ ಬಲಕ್ಕೇ ಇತ್ತು. ಬಲಗಣ್ಣು ಮುಚ್ಚಿ, ಎಂದೂ ಕೆಲಸಕ್ಕೆ ಹಚ್ಚದ ಎಡಗಣ್ಣು ತೆರೆದು ನೋಡಿದ. ಆ ಕಣ್ಣಿಗೆ ಬಲಕ್ಕೆ ಬಾಗು ಕಾಣಲಿಲ್ಲ. ಆಮೇಲೆ ಕೀಸುಳಿಯನ್ನು ಮಗ್ಗುಲಾಗಿ ಮಲಗಿಸಿದ.

"ನಿಂಗೆ ಯಾವಾಗಿಂದ ಗೊತ್ತು?"

"ಬೇಸಿಗೆಯಿಂದ."

"ಕ್ಲಬ್ಬಿನವರಿಗೆ?"

ಟಿಪ್ಪಕ್ಕ ಹೌದೆಂದು ತಲೆಯಾಡಿಸಿದಳು.

"ಸಾಹುಕಾರನಿಗೂ ಗೊತ್ತಿತ್ತಾ?"

"ಅವನಿಗೆ ಗೊತ್ತಿರ್ಲಿಲ್ಲ ಅಪ್ಪ. ಅವನು ಕೊಟ್ಟ ಮರ ಚೆನ್ನಾಗೇ ಇತ್ತು."

ಕಣ್ಣು ಕೆಟ್ಟಿತೆಂದಾಗ ತಡೆದುಕೊಂಡವನಿಗೆ ಈ ಮಾತು ತಡೆಯಲಾಗಲಿಲ್ಲ. ಬೆಂಚಿನ ಅಂಚು ಹಿಡಿದುಕೊಂಡ. "ಆಳುಗಳ ಮುಂದೆ ಕಳ್ಳ ಅಂದುಬಿಟ್ಟೆ," ಎಂದ. ಅಮ್ಮ, "ಹೋಗಿ ಹೇಳಿದ್ರೆ ಆಯ್ತು, ಅವನೂ ಮನುಷ್ಯನೇ. ಮೊದಲು ಕಣ್ಣಿನ ಆಸ್ಪತ್ರೆಗೆ ನಡಿ," ಎಂದಳು.

"ಆಸ್ಪತ್ರೆ ನಾಳೆ ಸಂಜೆ. ಈ ಕೋಲು ಇವತ್ತು." ಮೇಸ್ತ್ರಿ ಕೀಸುಳಿಯನ್ನು ಮಗಳ ಕಡೆ ತಳ್ಳಿದ. "ಹಿಡಿ."

"ನಾನಾ?"

"ಇಷ್ಟು ದಿನ ನಿಂತು ನೋಡಿದ್ಯಲ್ಲ, ಈಗ ಮಾಡು. ಲೇ, ಒಳಗಿಂದ ದಾರ ತಾ," ಎಂದ ಹೆಂಡತಿಗೆ.

ದಾರ ಎಳೆದರು. ಅವನು ಕೀಸಿದ್ದೆಲ್ಲ ಹಳ್ಳಗಳಾಗಿದ್ದವು. ಆ ಹಳ್ಳಗಳ ಮಟ್ಟಕ್ಕೆ ಉಳಿದದ್ದನ್ನು ಇಳಿಸಬೇಕು, ಉಂಗುರದ ಅಳತೆಯನ್ನೂ ಉಳಿಸಬೇಕು. ಟಿಪ್ಪಕ್ಕ ಕೀಸುಳಿಯನ್ನು ಮರದ ಮೇಲಿಟ್ಟಳು. ಮೇಸ್ತ್ರಿ ಎರಡು ಬೆರಳು ಮರದ ಮೇಲಿಟ್ಟು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ, "ಇಲ್ಲಿ ಉಬ್ಬಿದೆ. ಮೆಲ್ಲಗೆ. ಒತ್ತಬೇಡ, ಜಾರಿಸು. ಸಾಕು ಅಂದ್ನಲ್ಲ, ಸಾಕು." ಬಯ್ದ, ಗೊಣಗಿದ. ಕೀಸುಳಿಯನ್ನು ಮಾತ್ರ ಮುಟ್ಟಲಿಲ್ಲ. ಬೆಳಕು ಕಂತುವ ಮೊದಲು ಉಂಗುರ ಕೂತಿತು. ಬಿಗಿಯಾಗಿಯೇ ಕೂತಿತು, ಆದರೆ ಕೂದಲೆಳೆಯಲ್ಲಿ.

ಮರುದಿನ ಎಣ್ಣೆ ಆರಿ, ಬಿಲ್ಲೆಯ ಅಂಟು ಗಟ್ಟಿಯಾದ ಮೇಲೆ ಹುಡುಗಿ ಬಂದಳು. ಕೋಲು ಪರೀಕ್ಷಿಸಲೆಂದೇ ಪಡಸಾಲೆಯಲ್ಲಿಟ್ಟಿದ್ದ ಹಳೆಯ ಸ್ನೂಕರ್ ಮೇಜಿನ ಮೇಲೆ ಬಿಳಿ ಚೆಂಡಿಟ್ಟು, ಎದುರಿನ ಕಪ್ಪು ಚೆಂಡಿಗೆ ಗುರಿಯಿಟ್ಟು ಹೊಡೆದಳು. ಕಪ್ಪು ಚೆಂಡು ಮೇಜಿನ ಮೂಲೆಯ ಪಾಕೆಟ್ಟಿನ ತುಟಿಗೆ ತಾಗಿ, ಒಳಗೆ ಬೀಳದೆ ನಿಂತಿತು.

"ಚೆನ್ನಾಗಿದೆ ದೊಡ್ಡಪ್ಪ," ಎಂದಳು ತಟ್ಟನೆ.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. 

"ನಿನ್ನೆವರೆಗೂ ಎಲ್ಲರೂ ಇದನ್ನೇ ಹೇಳಿದ್ರು ನಂಗೆ," ಎಂದ ಅವನು. ದನಿ ಏರಿರಲಿಲ್ಲ. "ನೀನೂ ಇದನ್ನೇ ಹೇಳೋದಾದ್ರೆ ಕೋಲು ಅಲ್ಲಿಟ್ಟು ಹೊರಡು."

ಹುಡುಗಿ ತಲೆ ತಗ್ಗಿಸಿದಳು. ಮತ್ತೆ ಬಾಗಿದಳು. ಮೆಲ್ಲಗೆ ಒಂದು ಹೊಡೆತ, ಜೋರಾಗಿ ಒಂದು, ಇನ್ನೂ ಜೋರಾಗಿ ಇನ್ನೊಂದು. ನೆಟ್ಟಗೆ ನಿಂತು, "ನೆಟ್ಟಗಿದೆ," ಎಂದಳು. "ಆದ್ರೆ ತೆಳ್ಳಗಾಗಿದೆ. ಜೋರಾಗಿ ಹೊಡೆದ್ರೆ ತುದಿ ಅದುರುತ್ತೆ. ನಾನು ಅಂದುಕೊಂಡ ಕಡೆ ಚೆಂಡು ಹೋಗಲ್ಲ."

ಆ ಮಾತು ಕೇಳಿದ ಮೇಸ್ತ್ರಿಯ ಭುಜ ಸಡಿಲವಾಯಿತು. ಸುಳ್ಳಿಗೆ ಮದ್ದಿಲ್ಲ, ಅದುರುವ ತುದಿಗೆ ಇದೆ. ಕೋಲು ಬುಡದ ಕಡೆ ದಪ್ಪ. ತುದಿಯಿಂದ ಕತ್ತರಿಸಿದಷ್ಟೂ ಉಳಿದದ್ದು ಗಟ್ಟಿ. ಆದರೆ ಕತ್ತರಿಸಿದ್ದು ಮತ್ತೆ ಅಂಟುವುದಿಲ್ಲ, ಇನ್ನೊಂದು ಮರವೂ ಇಲ್ಲ.

"ಗಿಡ್ಡ ಆಗುತ್ತೆ. ನೀನು ನಿಲ್ಲೋ ರೀತಿನೇ ಬದಲಾಗುತ್ತೆ. ಆಗುತ್ತಾ?"

"ಎಷ್ಟು ಗಿಡ್ಡ?"

"ಅದನ್ನ ನೀನು ಹೇಳ್ಬೇಕು. ಆಡೋಳು ನೀನು."

ಹುಡುಗಿ ಕೋಲನ್ನು ಹಿಡಿದು ನೋಡಿದಳು, ಕೈ ಹಿಂದಕ್ಕೂ ಮುಂದಕ್ಕೂ ಸರಿಸಿದಳು. ಕೊನೆಗೆ ತುದಿಯಿಂದ ಹೆಬ್ಬೆರಳಿನಷ್ಟು ಈಚೆಗೆ ಉಗುರಿನಲ್ಲಿ ಗೀಚಿದಳು. ಟಿಪ್ಪಕ್ಕ ಸಣ್ಣ ಗರಗಸ ತಂದು ಗೀಚಿದಲ್ಲಿ ಇಟ್ಟಳು.  ಹಿತ್ತಾಳೆಯ ಉಂಗುರದ ಸಮೇತ ತುದಿ ನೆಲಕ್ಕೆ ಬಿದ್ದು ಗೋಡೆಯವರೆಗೆ ಉರುಳಿತು. ಹೊಸ ಉಂಗುರ, ಹೊಸ ಬಿಲ್ಲೆ, ಹೊಸ ಅಂಟು. ಅಂಟು ಆರುವಷ್ಟರಲ್ಲಿ ಅಮ್ಮ ಕೊಟ್ಟ ಚಹಾ ಆರಿ ತಣ್ಣಗಾಯಿತು.

ಹುಡುಗಿ ಹೊಡೆದಳು, ತನ್ನ ಶಕ್ತಿಯನ್ನೆಲ್ಲ ಹಾಕಿ. ಕಪ್ಪು ಚೆಂಡು ಪಾಕೆಟ್ಟಿಗೆ ಬಿದ್ದ ಸದ್ದು ಬಂತು. ಮತ್ತೆ ಇಟ್ಟು ಹೊಡೆದಳು. ಮತ್ತೆ ಬಿತ್ತು. ಮೂರನೆಯದು ತಪ್ಪಿತು.

"ಹೇಗಿದೆ?" ಎಂದ ಮೇಸ್ತ್ರಿ.

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ?"

"ಅದುರಲ್ಲ. ಕೊನೇದು ತಪ್ಪಿದ್ದು ನನ್ನ ಕೈ. ಚೆನ್ನಾಗಿದೆಯೋ ಇಲ್ವೋ ಅಂತ ಭಾನುವಾರ ಸಂಜೆ ಬಂದು ಹೇಳ್ತೀನಿ ದೊಡ್ಡಪ್ಪ. ಸೋತ್ರೂ ಬರ್ತೀನಿ."

"ಬಾ," ಎಂದ ಮೇಸ್ತ್ರಿ. ಕೋಲು ಹಿಡಿದು ಹೊರಟವಳಿಗೆ ದಾರಿ ಬಿಟ್ಟು ಬಾಗಿಲ ಬದಿಗೆ ಸರಿದು ನಿಂತ.