ಪೆಟ್ಟಿಗೆಗೆ ಹಿಡಿಯದ ಮಾಲು

ಆಗ ನನಗೆ ನಲವತ್ತರ ಮೇಲೆ ಎರಡೋ ಮೂರೋ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮೊನ್ನೆ ಪಕ್ಕದ ಮನೆಯವರು ನೂಲಿಗೆ ಹಾಕಲು ಗಂಜಿ ಕಾಯಿಸುತ್ತಿದ್ದರು. ಈಗ ಇಳಕಲ್ಲಿನಲ್ಲಿ ಆ ವಾಸನೆ ಅಪರೂಪ. ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯ ಸೀರೆ ಅಂಗಡಿಯ ಸಾವಕಾರ ಕಣ್ಣ ಮುಂದೆ ಬಂದು ನಿಂತ. ಆತ ಸತ್ತು ಎರಡು ವರ್ಷ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗಲೂ ಆಡಿದ್ದೇನೆ, ಈಗ ಬಿಡಲು ಏನು ಕಾರಣ?

ನಾನು ಕೊಂಡಿ ಹಾಕುವವಳು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಆ ಎಳೆಗೆ ಈ ಎಳೆಯನ್ನು ಕುಣಿಕೆ ಮಾಡಿ ಸಿಗಿಸಬೇಕು. ಅದೇ ಕೊಂಡಿ. ಅದಿಲ್ಲದೆ ಸೆರಗಿಲ್ಲ. ನಮ್ಮ ಅತ್ತೆ ಕಲಿಸಿದ್ದು. ನಾನು ಹೋಗದಿದ್ದರೆ ಓಣಿಯ ಅರ್ಧ ಮಗ್ಗಗಳು ನಿಲ್ಲುತ್ತಿದ್ದವು. ಗಂಡ ಸತ್ತ ಮೇಲೆ ನನ್ನ ಅನ್ನವೂ ಅದೇ, ಮಾನವೂ ಅದೇ.

ಸಾವಕಾರ ಪರದೇಶಕ್ಕೆ ಸೀರೆ ಕಳಿಸುತ್ತಿದ್ದ. ಸಂಜೆ ನಮ್ಮ ಕಟ್ಟೆಗೆ ಬಂದು ಕೂತು ವ್ಯಾಪಾರದ ಸುದ್ದಿ ಹೇಳುವುದು ಆತನ ಚಟ. ಕೇಳುವುದು ನನ್ನ ಚಟ. ದೇಶ ದೇಶಗಳ ನಡುವಿನ ವ್ಯಾಪಾರದಲ್ಲಿ ಎರಡು ಜಾತಿಯಂತೆ. ಒಂದು ಕಣ್ಣಿಗೆ ಕಾಣುವ ಮಾಲು. ನಮ್ಮ ಸೀರೆ, ಇಲ್ಲಿಯ ಕೆಂಪು ಕಲ್ಲು, ಹಡಗಿಗೆ ಹೇರುವಂಥದ್ದು. ಇನ್ನೊಂದು ಕಾಣದ್ದು. ಅದಕ್ಕೆ ಸೇವೆ ಅನ್ನುತ್ತಾರಂತೆ.

"ಬದಾಮಿ ಗುಡಿ ನೋಡಾಕ ಪರದೇಶದ ಮಂದಿ ಬರ್ತಾರಲ್ಲ ತಂಗಿ, ಅವರೇನ ಕಲ್ಲ ಹೊತ್ಕೊಂಡ ಹೋಗ್ತಾರೇನು? ಉಂಡ್ರು, ಮಲಗಿದ್ರು, ನೋಡಿದ್ರು, ಹೋದ್ರು. ಅದೂ ನಾವು ಪರದೇಶಕ್ಕ ಮಾರಿದ್ದ ಲೆಕ್ಕ."

"ಅಂದ್ರ ಬರಿಗೈಲೆ ಹೋಗವ್ರೂ ಗಿರಾಕೀನ ಏನ್ರಿ?"

"ಅವರ ಖರೇ ಗಿರಾಕಿ! ಡಾಕ್ಟರ ಔಷಧ ಮಾಡಿದ್ದು, ಮಾಸ್ತರ ಕಲಿಸಿದ್ದು, ಎಲ್ಲಾ ಅದರಾಗ ಬಂತು. ಪೆಟಗಿ ಬ್ಯಾಡ, ಗೋದಾಮ ಬ್ಯಾಡ, ಇಲಿ ಕಡ್ಯಾಂಗಿಲ್ಲ."

ನಕ್ಕಿದ್ದೆ ನಾನು. ಹೊರಗಿನ ಜಗತ್ತನ್ನು ನನ್ನ ಕಟ್ಟೆಗೆ ತಂದು ಕೂರಿಸಿದ್ದು ಆತನೊಬ್ಬನೇ. ಅದನ್ನು ಅಲ್ಲ ಎನ್ನುವುದಿಲ್ಲ...

ಆ ವರ್ಷ ಚಳಿಗಾಲದಲ್ಲಿ ಮೂವರು ಪರದೇಶದ ಹೆಂಗಸರನ್ನು ಕರೆತಂದ. ಅವರ ಮಾತು ತಿಳಿಸಿ ಹೇಳಲು ಜೊತೆಗೊಬ್ಬ ಕನ್ನಡದ ಹುಡುಗಿ. "ಐಹೊಳಿ ನೋಡಾಕ ಬಂದಾರ. ಮಗ್ಗಾನೂ ನೋಡ್ತಾರಂತ. ಮನಿಗೆ ಬಂದ ಮಂದಿ, ನಾಕ ದಿನ ಕೊಂಡಿ ತೋರ್ಸವಾ" ಎಂದ. ಇವರೇನು ಇಳಕಲ್ಲಿನಲ್ಲಿ ಕೂತು ನನ್ನ ಕೂಲಿ ಕಸಿಯುವವರೇ ಎಂದುಕೊಂಡು ಬೆರಳು ಹಿಡಿದು ಕಲಿಸಿದೆ. ರೊಟ್ಟಿ, ಎಣಗಾಯಿ, ಖಾರದ ಗುರೆಳ್ಳು ಹಿಂಡಿ ಬಡಿಸಿದೆ. ಬೆವರು ಸುರಿಸುತ್ತ ಉಂಡರು, ಪಾಪ.

ಅವರು ಹೊರಡುವ ಹಿಂದಿನ ದಿನ ಹಿರಿಯಳು ನನ್ನ ಕೈ ಹಿಡಿದು ಏನೋ ಕೇಳಿದಳು. ಹುಡುಗಿ ತಿಳಿಸಿ ಹೇಳಿದಳು: ಕಲಿಸಿದ್ದಕ್ಕೆ ಹಣವನ್ನು ಸಾವಕಾರರ ಕೈಗೆ ಮೊದಲೇ ಕೊಟ್ಟಿದ್ದೇವೆ, ನಿಮಗೆ ಮುಟ್ಟಿತಲ್ಲ? ಇನ್ನು ಮೇಲೆ ತಿಂಗಳಿಗೊಂದು ತಂಡ ಬರುತ್ತದೆ, ಎಲ್ಲ ಮಾತಾಗಿದೆ.

ನೇರ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಇರಲಿ ಎಂದು ಅವರೆದುರಿಗೇ ನನ್ನ ಹಣ ಕೇಳಿದೆ. ಸಾವಕಾರ ಸೀರೆ ಮಡಿಸುವುದನ್ನು ಬಿಡಲಿಲ್ಲ.

"ನಿಂದೇನ ಹೋಗೇತಿ? ನಿನ್ನ ಮನ್ಯಾಗಿಂದ ಒಂದ ಎಳಿ ನೂಲಾದ್ರೂ ಹೋಗೇತೇನು? ತೋರ್ಸು."

"ಮಾಸ್ತರ ಕಲಿಸಿದ್ದೂ ಮಾರಿದ್ದ ಲೆಕ್ಕ ಅಂತ ನೀವ ಹೇಳಿದ್ರಲ್ರಿ."

"ಮಾಸ್ತರ ಸಾಲಿ ಕಲ್ತಿರ್ತಾನವಾ. ನೀ ಹೆಬ್ಬೆಟ್ಟು. ಕುಣಿಕಿ ಹಾಕೂದು ಎಮ್ಮಿ ಕಟ್ಟಾಂವಗೂ ಬರ್ತೈತಿ!"

ಅಂಗಡಿಯವರೆಲ್ಲ ನಕ್ಕರು. ನಾನು ನಾಲ್ಕನೇ ಇಯತ್ತೆ ಓದಿದವಳು, ಸಹಿ ಮಾಡುತ್ತೇನೆ. ಅದು ಆತನಿಗೂ ಗೊತ್ತಿತ್ತು.

ಆ ಅಂಗಡಿ ಈಗಿಲ್ಲ. ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಕಲಿಯಲು ಬರುವವರಿಗೆಂದು ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿದ್ದ, ಅಲ್ಲಿ ಒಬ್ಬರೂ ಇಳಿಯಲಿಲ್ಲ. ಕೊನೆಗೆ ಕಮತಗಿಯಲ್ಲಿದ್ದ ಮಗಳ ಮನೆ ಸೇರಿದ. ಆತನ ಮಣ್ಣಿಗೆ ಓಣಿಯೆಲ್ಲ ಹೋಯಿತು, ನಾನು ಹೋಗಲಿಲ್ಲ. ಪೆಟ್ಟು ನನಗೂ ಬಿದ್ದಿದೆ. ಕೊಂಡಿಗೆಂದು ನನ್ನನ್ನೇ ಹುಡುಕಿಕೊಂಡು ಬರುವವರು ಇಲ್ಲವಾದರು. ಮಂದಿಯ ಹೊಲದಲ್ಲಿ ಕಳೆ ತೆಗೆದು ಉಂಡೆ. ಸಂಜೆ ಕಟ್ಟೆಯ ಮೇಲೆ ಕೂತರೆ ಹಡಗಿನ ಸುದ್ದಿ ಹೇಳುವವರೂ ಇಲ್ಲ... ಆತನಂತೆ ಮಾತಾಡುವವರು ಮತ್ತೆ ಸಿಗಲಿಲ್ಲ. ಆದರೂ ಇನ್ನೊಮ್ಮೆ ಅಂಥ ದಿನ ಬಂದರೆ ಆಗ ಮಾಡಿದ್ದನ್ನೇ ಮಾಡುತ್ತೇನೆ.

ಅಂಗಡಿಯಲ್ಲಿ ನಗೆಗೀಡಾಗಿ ಬಂದ ಮರುದಿನ ಬೆಳಿಗ್ಗೆ, ಆತ ಬಾಗಿಲು ತೆಗೆಯುವ ಮೊದಲೇ, ಅಂಗಡಿಯ ಎದುರಿಗಿದ್ದ ಬೇವಿನ ಗಿಡದ ಕೆಳಗೆ ಗೂಟ ಬಡಿದು ಎರಡು ಹಾಸು ಕಟ್ಟಿದೆ. ಓಣಿಯ ಹೆಂಗಸರನ್ನು ಕೂಗಿ ಕರೆದೆ. ಕೊಂಡಿ ಕಲಿಸುತ್ತೇನೆ, ಪುಕ್ಕಟೆ, ಯಾವ ಊರಿನವರು ಬಂದರೂ ಸರಿ ಎಂದೆ. ಪರದೇಶದವರು ಬಸ್ಸಿಗೆ ಹೊರಟಿದ್ದರು. ಜೊತೆಗಿದ್ದ ಹುಡುಗಿಗೆ, ಮುಂದಿನ ತಂಡ ಯಾರಿಗೂ ಹಣ ಕೊಡದೆ ಸೀದಾ ಈ ಗಿಡದ ಕೆಳಗೆ ಬರಲಿ ಎಂದು ಹೇಳಿದೆ. ಅವರು ನಗುತ್ತ ಕೈಬೀಸಿ ಹೋದರು.

ಸಾವಕಾರ ಕೀಲಿಕೈ ಹಿಡಿದುಕೊಂಡೇ ಓಡಿ ಬಂದ.

"ಹುಚ್ಚ ಹಿಡದೈತೇನ ನಿನಗ? ಹಿಂಗ ಬೀದ್ಯಾಗ ಚೆಲ್ಲಿದ್ರ ನಾಳೆ ನಿನ್ನ ಯಾರ ಕರೀತಾರ? ಏನ ತಿಂತಿ?"

"ನಂದ ನಾ ಚೆಲ್ತೀನಿ. ಕೇಳಾಕ ನೀ ಯಾವಾಂವ?" ಎಂದೆ. ಆತನಿಗೆ ನೀನು ಎಂದದ್ದು ಅದೇ ಮೊದಲು.

ಆಮೇಲೆ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದ ಆತನ ಹೆಂಡತಿಯ ಬೆರಳು ಹಿಡಿದು ಮೊದಲನೆಯ ಕುಣಿಕೆ ಹಾಕಿಸಿದೆ.