ವಂಶಾವಳಿ ಮಾವ

ರೇಸ್ ಕುದುರೆ ಓಡಿಸುವ ಜಾಕಿಗಳ ಬಣ್ಣಬಣ್ಣದ ಅಂಗಿ ಹೊಲಿಯುವ ನಮ್ಮ ಬೀದಿಯ ದರ್ಜಿಗೆ ಎಲ್ಲರೂ ಇಟ್ಟ ಹೆಸರು ವಂಶಾವಳಿ ಮಾವ. ರೇಸಿಗೆ ಹೊಸಬರು ಯಾರೇ ಬರಲಿ, ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಮೈದಾನದ ಬೇಲಿಯ ಬಳಿ ನಿಲ್ಲಿಸಿಕೊಂಡು ಪಾಠ ಶುರುಮಾಡುತ್ತಾರೆ. "ಗೆದ್ದ ಕುದುರೆಗೆ ಮುಂದಿನ ಸಲ ಭಾರ ಜಾಸ್ತಿ ಹೊರಿಸ್ತಾರೆ, ಮನೆ ಹಿರಿಮಗನಿಗೆ ಹೊರಿಸೋ ಹಾಗೆ." ದೂರದಲ್ಲಿ ಬಾಲ ಕಂಡರೆ ಸಾಕು, ಆ ಕುದುರೆಯ ಅಪ್ಪ, ಅಮ್ಮ, ಮುತ್ತಜ್ಜಿಯವರೆಗೆ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾರೆ. "ಇದರಜ್ಜಿ ಮಹಾ ಸಿಡುಕಿ. ರಕ್ತದ ಗುಣ ಎಲ್ಲಿಗೆ ಹೋಗುತ್ತೆ?" ಮೊನ್ನೆ ಹೊಸ ಪಾಠ: "ಜಾತಿ ಕುದುರೆಗಳು ಯಾವಾಗಲೇ ಹುಟ್ಟಲಿ, ಲೆಕ್ಕಕ್ಕೆ ಎಲ್ಲದರ ಹುಟ್ಟುಹಬ್ಬ ಜನವರಿ ಒಂದು." "ನಿಮ್ಮದು ಯಾವತ್ತು ಮಾವ?" ಎಂದೆ. "ನಂದೂ ಅವತ್ತೇ," ಎಂದು ನಕ್ಕರು. "ಅನಾಥಾಶ್ರಮದಲ್ಲಿ ನಮಗೆಲ್ಲ ಅದನ್ನೇ ಬರೆಸಿದ್ರು."